ಗಾಜಿಗೆ ಹಚ್ಚಿದ ಕುಂಕುಮ

ಆ ಗಾಜನ್ನು ಒರೆಸಿದವಳು ನಾನು ಎಂದು ನಾನು ನನ್ನ ತಂಗಿಗೆ ಹೇಳಲಿಲ್ಲ. ಅವಳು ಸಂಭಾಜಿನಗರದಿಂದ ಫೋನು ಮಾಡಿ ಅತ್ತಾಗ ಹೇಳಲಿಲ್ಲ. ಟ್ರಂಕು ಹೊತ್ತುಕೊಂಡು ನಾಶಿಕದ ಮನೆಗೆ ವಾಪಸು ಬಂದಾಗ ಹೇಳಲಿಲ್ಲ. ಆಮೇಲೆ ಅಷ್ಟು ತಿಂಗಳು ಒಲೆಯ ಮುಂದೆ ನನ್ನ ಭುಜಕ್ಕೆ ಭುಜ ತಾಗಿಸಿಕೊಂಡು ಕೂತು ರೊಟ್ಟಿ ಬಡಿದಳಲ್ಲ, ಆಗಲೂ ಹೇಳಲಿಲ್ಲ. ನಾನು ಬಾಯಿಬಿಟ್ಟಿದ್ದರೆ ಅವಳು ಕಲಿತ ಕೆಲಸ ಅವಳ ಕೈಯಲ್ಲೇ ಉಳಿಯುತ್ತಿತ್ತು. ಅದು ನನಗೆ ಗೊತ್ತಿತ್ತು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ನಮ್ಮದು ವಿಜಯಪುರದ ಕಡೆಯ ಹಳ್ಳಿ. ಅಪ್ಪನಿಗೆ ನಾಶಿಕದ ಸಾತಪುರದಲ್ಲಿ ಕಾರಖಾನೆ ಕೆಲಸ ಸಿಕ್ಕಾಗ ಅವ್ವ ಕೈಗೂಸಾಗಿದ್ದ ತಂಗಿಯನ್ನು ಎತ್ತಿಕೊಂಡು ಅವನ ಹಿಂದೆ ಹೋದಳು. ನಾನು ಅಜ್ಜಿಯ ಹತ್ತಿರ ಶಾಲೆಗೆಂದು ಉಳಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಊರಿಗೆ ಬರಲಿಲ್ಲ. ಅಪ್ಪನ ಜೊತೆ ದುಡಿಯುತ್ತಿದ್ದವರಿಗೇ ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿ ಮಾಡಿ ಬಡಿಸತೊಡಗಿದಳು. ಖಾನಾವಳಿ ಬೆಳೆಯಿತು, ಇನ್ನೊಂದು ಜೊತೆ ಕೈ ಬೇಕಾಯಿತು, ನನ್ನನ್ನು ಕರೆಸಿಕೊಂಡಳು. ಹಾಗೆ ತಂಗಿಯನ್ನು ಬಗಲಲ್ಲಿ ಹೊತ್ತುಕೊಂಡು ರೊಟ್ಟಿ ಬೇಯಿಸಿದವಳು ನಾನು. ಅವಳನ್ನು ಮರಾಠಿ ಶಾಲೆಗೆ ಕಳಿಸಿದೆವು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ. ಮಾತಾಡುವಾಗ ಮಾತ್ರ ಅರ್ಧ ದಾರಿಗೆ ಮರಾಠಿಗೆ ಹೊರಳಿಬಿಡುತ್ತಾಳೆ.

ಹನ್ನೆರಡನೇ ಇಯತ್ತೆ ಮುಗಿಸಿದ ಮೇಲೆ ಅವಳು ಸಂಭಾಜಿನಗರದ ಒಂದು ತರಬೇತಿ ಕೇಂದ್ರಕ್ಕೆ ಸೇರುತ್ತೇನೆಂದು ಹಟ ಹಿಡಿದಳು. ಬೆಳಕಿನ ಉಪಕರಣಗಳನ್ನು ಮಾಡುವ, ಜೋಡಿಸುವ, ಪರೀಕ್ಷಿಸುವ ತಂತ್ರಜ್ಞರನ್ನು ಅಲ್ಲಿ ತಯಾರು ಮಾಡುತ್ತಾರೆ. ಕಬ್ಬಿಣ ಕತ್ತರಿಸುವ ಲೇಸರ್ ಯಂತ್ರ, ಫೋನಿನ ಮಾತು ಸಾಗಿಸುವ ಗಾಜಿನ ಎಳೆ, ಕ್ಯಾಮರಾ, ದುರ್ಬೀನು, ಎಲ್ಲ ಅದರೊಳಗೇ ಬರುತ್ತವೆ ಎಂದು ಅವಳು ಅವ್ವನಿಗೆ ತಿಳಿಸಿ ಹೇಳಿದಳು. ಅವ್ವ ಎಲ್ಲ ಕೇಳಿದಳು.

‘ಅಂದ್ರ ಚಾಳೀಸ ಮಾಡೂ ಕೆಲಸ.’

‘ಚಾಳೀಸ ಅಲ್ಲ ಅವ್ವ! ಲೇಸರ್! ಫೋಟಾನಿಕ್ಸ್!’

‘ಹೂಂ, ಅದ. ನನಗೂ ಒಂದ್ ಮಾಡಿ ಕೊಡು. ಅಕ್ಕಿಯಾಗ ಹರಳ ಕಾಣವಲ್ದು.’

ಅವ್ವ ಊಟಕ್ಕೆ ಬಂದವರಿಗೆಲ್ಲ ಹಾಗೆಯೇ ಹೇಳಿದಳು. ಪರಿಣಾಮ ಏನಾಯಿತೆಂದರೆ, ತಂಗಿ ರಜೆಗೆ ಬಂದಾಗಲೆಲ್ಲ ಜನ ತಮ್ಮ ಮುರಿದ ಕನ್ನಡಕ ತಂದು ಅವಳ ಮುಂದೆ ಇಡುತ್ತಿದ್ದರು. ಭಾನುವಾರ ರೊಟ್ಟಿ ತಿನ್ನಲು ಬರುತ್ತಿದ್ದ ಕರ್ನಾಟಕದ ಬ್ಯಾಂಕಿನವರೊಬ್ಬರು, ವರ್ಗವಾಗಿ ಬಂದು ಹೆಂಡತಿ ಮಕ್ಕಳನ್ನು ಧಾರವಾಡದಲ್ಲಿ ಬಿಟ್ಟಿದ್ದವರು, ‘ತಂಗೆವ್ವಾ, ಇದರ ಕಾಲು ಸಡ್ಲ ಆಗೇತಿ, ಸ್ವಲ್ಪ ನೋಡವಾ’ ಅಂದರೆ ಅವಳು, ‘ಸಾಹೇಬ್ರ, ನಾ ಗಾಜಿನ ಡಾಕ್ಟರ್ ರೀ, ಹಾಡಾಂಚಾ ಡಾಕ್ಟರ್ ನಾಹಿ’ ಅನ್ನುತ್ತಿದ್ದಳು. ಎಲುಬಿನ ಡಾಕ್ಟರ್ ಬೇರೆ ಎಂದು. ಅನ್ನುತ್ತಲೇ ಸಣ್ಣ ತಿರುಪುಳಿ ತಂದು ಬಿಗಿ ಮಾಡಿಕೊಡುತ್ತಿದ್ದಳು.

ಒಮ್ಮೆ ನಾನು ಅವಳನ್ನು ನೋಡಲು ಹೋಗಿದ್ದೆ. ರೊಟ್ಟಿ ಗಂಟು ಕಟ್ಟಿಕೊಂಡು ಎಸ್.ಟಿ. ಬಸ್ಸಿನಲ್ಲಿ ಯೇವಲಾ, ವೈಜಾಪುರ ದಾಟಿ ಹೋದೆ. ಕೇಂದ್ರ ಊರಾಚೆ ಕಾರಖಾನೆಗಳ ನಡುವೆ ಇತ್ತು. ಒಳಗೆ ಬಿಡಲಿಲ್ಲ. ಪಾಲಿಶ್ ಕೋಣೆಯ ಹೊರಗೆ ಒಂದು ಕಿಟಕಿ, ಅಲ್ಲಿ ನಿಂತು ನೋಡಿದೆ. ತಲೆಗೆ ಟೊಪ್ಪಿಗೆ, ಮೈಗೆ ಬಿಳಿ ಅಂಗಿ ಹಾಕಿದ ಹುಡುಗಿಯರಲ್ಲಿ ನನ್ನ ತಂಗಿ ಯಾರೆಂದು ಗುರುತು ಸಿಗಲು ಹೊತ್ತು ಬೇಕಾಯಿತು. ಯಾರ ಕೈಯಲ್ಲೂ ಬಳೆ ಇರಲಿಲ್ಲ. ಹಣೆಗೆ ಬೊಟ್ಟು, ಕಣ್ಣಿಗೆ ಕಾಡಿಗೆ, ಮುಖಕ್ಕೆ ಪೌಡರು, ತಲೆಗೆ ಹೂವು ಯಾವುದೂ ನಡೆಯದು. ಕಪ್ಪು ರಾಳ ಹಚ್ಚಿದ ತಟ್ಟೆಗಳು ಮೆಲ್ಲಗೆ ತಿರುಗುತ್ತಿದ್ದವು. ಅವುಗಳ ಮೇಲೆ ಹುಡುಗಿಯರು ಕೆನೆಬಣ್ಣದ ಗಂಜಿಯಂಥದ್ದನ್ನು ಬಿಟ್ಟು ಗಾಜು ಆಡಿಸುತ್ತಿದ್ದರು.

ಕೆಲಸ ಮುಗಿಸಿ ಹೊರಗೆ ಬಂದ ತಂಗಿ, ರೊಟ್ಟಿ ಮುರಿದು ಬಾಯಿಗಿಟ್ಟುಕೊಳ್ಳುತ್ತಲೇ ಎಲ್ಲ ಹೇಳಿದಳು. ಗಾಜನ್ನು ಮೊದಲು ಒರಟು ಪುಡಿಯಲ್ಲಿ ತಿಕ್ಕುತ್ತಾರೆ, ಆಮೇಲೆ ಸಣ್ಣ ಪುಡಿ, ಆಮೇಲೆ ಇನ್ನೂ ಸಣ್ಣದು, ಕೊನೆಗೆ ಈ ಗಂಜಿ. ಒರಟು ಪುಡಿಯ ಕೋಣೆಯೇ ಬೇರೆ. ಅಲ್ಲಿ ಹಾಕಿದ ಅಂಗಿ ಇಲ್ಲಿಗೆ ಬರುವ ಹಾಗಿಲ್ಲ.

‘ಅಲ್ಲಿಂದು ಒಂದ್ ಕಣ ಇಲ್ಲಿ ಬಂದ್ರ ಸಂಪ್ಲಂ ಅಕ್ಕ. ಮುಗೀತು. ಅಷ್ಟೂ ದಿನದ ಕೆಲಸ ಪಾಣ್ಯಾತ್, ನೀರಾಗ.’

‘ಕಣ್ಣಿಗೆ ಕಾಣದಷ್ಟ ಸಣ್ಣದಿದ್ರೂ?’

‘ಕಣ್ಣಿಗೆ ಕಾಣಂಗಿಲ್ಲ ನಾ, ಅದಕ್ಕ ಜಾಸ್ತಿ ಭೀತಿ.’

ಇದನ್ನು ಅವಳು ತನ್ನ ಬಾಯಿಂದ ನನಗೆ ಹೇಳಿದ್ದಳು. ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ.

ಅವಳಿಗೆ ಕಲಿಸುತ್ತಿದ್ದ ಮೇಡಂ ಸಿಲ್ಲೋಡ್ ಕಡೆಯವರು, ಹತ್ತಿ ಮೆಕ್ಕೆಜೋಳ ಬೆಳೆಯುವ ಮನೆತನದವರು. ಗಾಜು ಸಮ ಆಗಿದೆಯೋ ಇಲ್ಲವೋ ನೋಡಲು ಹಳದಿ ದೀಪದ ಕೆಳಗೆ ಒಂದು ಅಳತೆಯ ಗಾಜನ್ನು ಅದರ ಮೇಲೆ ಇಡುತ್ತಾರೆ. ಆಗ ಕಪ್ಪು ಗೆರೆಗಳು ಮೂಡುತ್ತವೆ. ಗೆರೆ ಸೊಟ್ಟ ಇದ್ದರೆ ಗಾಜು ಇನ್ನೂ ಉಬ್ಬು ತಗ್ಗು ಇದೆ ಎಂದರ್ಥ, ನೇರವಾಗಿದ್ದರೆ ಸಮ. ಯಾರ ಗಾಜಿನಲ್ಲಾದರೂ ಗೆರೆ ನೇರವಾಗಿ ಬಂದರೆ ಮೇಡಂ, ‘ಪೇರಣಿ ಚಾಂಗಲಿ ಝಾಲಿ’ ಅನ್ನುತ್ತಿದ್ದರಂತೆ, ಬಿತ್ತನೆ ಚೆನ್ನಾಗಿ ಆಯಿತು ಎಂದು. ಯಾರಾದರೂ ಅವಸರ ಮಾಡಿದರೆ, ಹೊಲಕ್ಕೆ ಬೆಂಕಿ ಬಿದ್ದ ಹಾಗೆ ಕೂಗುತ್ತಿದ್ದರಂತೆ. ಅವರು ನನ್ನ ರೊಟ್ಟಿಯನ್ನೂ ತಿಂದರು. ತಂಗಿಯ ಬೆನ್ನ ಮೇಲೆ ಕೈಯಿಟ್ಟು, ಇವಳಿಗೆ ಒಳ್ಳೆಯ ಕೈ ಇದೆ, ಯಾರು ಕಲಿಸಿದರು ಎಂದು ಮರಾಠಿಯಲ್ಲಿ ಕೇಳಿದರು. ತಂಗಿ ನನ್ನನ್ನು ತೋರಿಸಿ, ‘ರೊಟ್ಟಿ ಬಡಿದು ಬಡಿದು’ ಅಂದಳು. ಆ ಮಾತಿನ ಖುಷಿಯಲ್ಲಿ ನಾನು ನಾಶಿಕದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ.

ತರಬೇತಿಯ ಕೊನೆಗೆ ಪ್ರತಿಯೊಬ್ಬರೂ ಒಂದು ಗಾಜಿನ ಬಿಲ್ಲೆ ಮಾಡಿ ಒಪ್ಪಿಸಬೇಕಿತ್ತು. ಅಂಗೈ ಅಗಲ, ಬೆರಳು ದಪ್ಪ, ಎರಡೂ ಮಗ್ಗುಲು ಸಮ. ದಸರೆ ಮುಗಿದ ಮೇಲೆ ನಾಶಿಕದ ಒಂದು ಲೆನ್ಸ್ ಕಂಪನಿಯವರು ಬಂದು ಆ ಬಿಲ್ಲೆಗಳನ್ನು ನೋಡಿ ಪಾಲಿಶ್ ಕೆಲಸಕ್ಕೆ ಜನ ಆರಿಸುವವರಿದ್ದರು. ತಂಗಿಯ ಬಿಲ್ಲೆ ದಸರೆಗೆ ಮೊದಲೇ ತಯಾರಾಗಿತ್ತು. ಅದನ್ನು ಅವಳು ಯಾರಿಗೂ ಹೇಳದೆ ಬ್ಯಾಗಿನಲ್ಲಿಟ್ಟುಕೊಂಡು ದಸರೆ ರಜೆಗೆ ಮನೆಗೆ ತಂದಳು. ಚಾಳೀಸು ಚಾಳೀಸು ಅನ್ನುತ್ತಿದ್ದ ಅವ್ವನಿಗೆ ಒಮ್ಮೆ ಕಣ್ಣಾರೆ ತೋರಿಸಬೇಕಿತ್ತಂತೆ.

ಡಬ್ಬಿ ಬಿಚ್ಚಿ, ತೆಳ್ಳನೆಯ ಕಾಗದ ಸರಿಸಿ, ಅಂಚು ಹಿಡಿದು ಎತ್ತಿ ತೋರಿಸಿದಳು. ನನಗೆ ಮೊದಲು ಏನೂ ಕಾಣಲಿಲ್ಲ. ಅವಳ ಬೆರಳುಗಳ ನಡುವೆ ಬರೀ ಗಾಳಿ ಇದ್ದ ಹಾಗಿತ್ತು. ಸ್ವಲ್ಪ ವಾಲಿಸಿದಾಗ ಕಿಟಕಿಯ ಬೆಳಕು ಅದರಲ್ಲಿ ಬಂದು ಕೂತಿತು.

‘ಇದನ್ನ ನೀ ಮಾಡಿದಿ?’ ಅಂದಳು ಅವ್ವ. ಅವಳ ಬಾಯಿಂದ ಅಷ್ಟೇ ಹೊರಟಿತು. ತಂಗಿ ಗೆದ್ದವಳ ಹಾಗೆ ನನ್ನ ಮುಖ ನೋಡಿದಳು. ಆಮೇಲೆ ಡಬ್ಬಿಯನ್ನು ದೇವರ ಗೂಡಿನ ಮೇಲೆ ಹೊಡೆದಿದ್ದ ಹಲಗೆಯ ಫಳಿಯ ಮೇಲೆ ಇಟ್ಟಳು.

‘ಅಕ್ಕ, ಹಾತ್ ಲಾವೂ ನಕೋ ಹಾಂ. ಮುಟ್ಟಬ್ಯಾಡ.’

ಮರುದಿನ ಖಂಡೇನವಮಿ. ಅನ್ನ ಕೊಡುವ ಸಾಮಾನನ್ನೆಲ್ಲ ಆ ದಿನ ತೊಳೆದು ಪೂಜೆ ಮಾಡುವುದು ನಮ್ಮ ಪದ್ಧತಿ. ಅಪ್ಪ ಇದ್ದಾಗ ಕಾರಖಾನೆಯಿಂದ ತನ್ನ ನಟ್ಟು ಬಿಗಿಯುವ ಪಾನಾ, ಸುತ್ತಿಗೆ ತರುತ್ತಿದ್ದನಂತೆ. ಆಮೇಲೆ ನಮ್ಮ ಹಂಚು, ಲಟ್ಟಣಿಗೆ, ಈಳಿಗೆ, ಒಳಕಲ್ಲು, ಗ್ಯಾಸಿನ ಒಲೆ, ಸ್ಕೂಟರು. ಅವ್ವನಿಗೆ ಮೊಣಕಾಲು ನೋವು ಬಂದ ಮೇಲೆ ಪೂಜೆ ನನ್ನ ಪಾಲಿಗೆ ಬಂದಿತ್ತು. ತಂಗಿ ಚೆಂಡು ಹೂ ತರಲು ಗೋದಾವರಿ ದಂಡೆಯ ಬಜಾರಿಗೆ ಹೋಗಿದ್ದಳು. ನಾನು ಅಡುಗೆಮನೆ ಸಾರಿಸಿ, ರಂಗೋಲಿ ಹಾಕಿ, ಎಲ್ಲ ಸಾಮಾನಿಗೂ ಅರಿಶಿನ ಕುಂಕುಮ ಹಚ್ಚುತ್ತ ಬಂದೆ. ಹಂಚಿಗೆ ಹಚ್ಚಿದೆ, ಈಳಿಗೆಗೆ ಹಚ್ಚಿದೆ. ಆಗ ಫಳಿಯ ಮೇಲಿನ ಡಬ್ಬಿ ಕಂಡಿತು.

ಮನೆಯ ಎಲ್ಲರ ಆಯುಧಕ್ಕೂ ಪೂಜೆ ಆಗಿದೆ, ತಂಗಿಯದೊಂದೇ ಉಳಿದಿದೆ ಅನ್ನಿಸಿತು. ಅನ್ನಿಸಿದ್ದು ಅಷ್ಟೇ. ಮುಟ್ಟಬೇಡ ಅಂದಿದ್ದು ನೆನಪಿತ್ತು. ಅದಕ್ಕೆ ಡಬ್ಬಿ ಬಿಚ್ಚಿ, ಬಿಲ್ಲೆಗೆ ಬೆರಳು ತಾಗಿಸದೆ, ತೊಳೆದ ಬಟ್ಟೆಯಲ್ಲಿ ಅಂಚು ಹಿಡಿದು ಎತ್ತಿ ಮಣೆಯ ಮೇಲೆ ಲಟ್ಟಣಿಗೆಯ ಪಕ್ಕಕ್ಕೆ ಇಟ್ಟೆ. ಗಂಧ ಹಚ್ಚಿದೆ, ನಡುವೆ ಕುಂಕುಮ ಇಟ್ಟೆ, ಎರಡು ಅಕ್ಷತೆ ಹಾಕಿದೆ. ಒಂದು ಕಣ ಬಿದ್ದರೆ ಮುಗೀತು ಎಂದು ಅವಳು ಹೇಳಿದ್ದು ಕಿವಿಯಲ್ಲಿತ್ತು. ಆದರೆ ಕಣ ಅಂದರೆ ನನ್ನ ಲೆಕ್ಕದಲ್ಲಿ ಧೂಳು, ಮಣ್ಣು, ಅಕ್ಕಿಯೊಳಗಿನ ಹರಳು. ಕುಂಕುಮ ಕಣ ಹೇಗಾಗುತ್ತದೆ? ದೇವರಿಗೆ ಹಚ್ಚುವುದು ಗಾಜಿಗೆ ಕೇಡು ಮಾಡೀತು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಿಜ ಹೇಳಬೇಕೆಂದರೆ ಗಾಜಿನ ಮೇಲೆ ಕುಂಕುಮ ಬಹಳ ಚಂದ ಕಂಡಿತು. ಮುತ್ತೈದೆ ಹಣೆಯ ಹಾಗೆ.

ಊದಿನಕಡ್ಡಿ ಬೆಳಗುವಷ್ಟರಲ್ಲಿ ಹೊರಗೆ ಸ್ಕೂಟರಿನ ಸಪ್ಪಳ ಕೇಳಿತು. ತಂಗಿ ಬಂದಳು. ನನಗೆ ಒಮ್ಮೆಲೇ ಅಂಜಿಕೆ ಬಂತು. ಯಾಕೆ ಬಂತೋ ಆಗ ತಿಳಿಯಲಿಲ್ಲ, ಈಗ ತಿಳಿಯುತ್ತದೆ. ಅವಳು ಬೇಡ ಅಂದದ್ದನ್ನು ಮಾಡಿದ್ದೆ. ಬಿಲ್ಲೆ ಎತ್ತಿಕೊಂಡು ಸೆರಗಿನ ಚುಂಗಿನಿಂದ ಗಸಗಸ ಒರೆಸಿದೆ. ಗಂಧ ಒಣಗಿ ಹಿಡಿದಿತ್ತು, ಇನ್ನೂ ಒತ್ತಿ ದುಂಡಗೆ ತಿಕ್ಕಿದೆ. ಮುಂಜಾನೆ ರಂಗೋಲಿ ಹಾಕುವಾಗ ಕೈಯೊರೆಸಿಕೊಂಡದ್ದು ಅದೇ ಸೆರಗಿಗೆ. ರಂಗೋಲಿ ಅಂದರೆ ಕಲ್ಲಿನ ಪುಡಿ. ಒರೆಸಿ ಬೆಳಕಿಗೆ ಹಿಡಿದೆ, ಫಳಫಳ ಹೊಳೆಯಿತು. ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿ ಹಾಕಿ ಫಳಿಯ ಮೇಲೆ ಇಟ್ಟೆ. ತಂಗಿ ಹೂವಿನ ಚೀಲದೊಂದಿಗೆ ಒಳಗೆ ಬಂದಾಗ ನಾನು ಈಳಿಗೆಯ ಮುಂದೆ ಕೂತಿದ್ದೆ.

‘ಆರತಿ ಆತು?’

‘ನಿನ್ನ ದಾರಿ ಕಾಯಾಕತ್ತೀನಿ ಬಾ.’

ವಿಜಯದಶಮಿಯ ದಿನ ಬನ್ನಿ ಕೊಟ್ಟು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಬಂಗಾರದಂಗ ಇರು ಅಂದೆ. ಅದರ ಮರುದಿನ ಬಸ್ಸು ಹತ್ತಿದಳು.

ಫೋನು ಬಂದದ್ದು ಮಧ್ಯಾಹ್ನದ ಊಟದ ಗದ್ದಲದಲ್ಲಿ. ಕೈಗೆ ಹಿಟ್ಟು ಮೆತ್ತಿತ್ತು, ಅವ್ವ ಫೋನನ್ನು ನನ್ನ ಕಿವಿಗೆ ಹಿಡಿದಳು.

‘ಅಕ್ಕ, ನನ್ನ ಕಾಚ್ ಮ್ಯಾಲೆ ಗೆರಿ ಬಿದ್ದಾವ. ದೀಪದ ಕೆಳಗ ಹಿಡಿದ್ರ ಬೆಕ್ಕು ಪರಚಿದಂಗ ಕಾಣಸ್ತಾವ. ಕಂಪನಿಯವ್ರು ನೋಡಿ ಬಾಜೂಲಾ ಇಟ್ಟಬಿಟ್ರು.’

‘ಹೆಂಗ ಆತದು?’ ಅಂದೆ.

‘ಮಾಹಿತ್ ನಾಹಿ ಅಕ್ಕ. ಬಸ್ಸಿನಾಗ ಆಗಿರಬೇಕು. ನಾ ಮನಿಗೆ ಆಣಾಯಲಾಚ್ ನಕೋ ಹೋತಂ. ತರಬಾರದಿತ್ತು ನಾ. ಎಲ್ಲಾ ನಂದ ತಪ್ಪು.’ ಆಮೇಲೆ ಅಳು.

ಆ ಕ್ಷಣದಲ್ಲಿ ಹೇಳಿದ್ದರೆ ಕೆಟ್ಟದ್ದರಲ್ಲಿ ಅರ್ಧವಾದರೂ ತಪ್ಪುತ್ತಿತ್ತು. ಸುತ್ತ ಜನ ಇದ್ದರು, ರೊಟ್ಟಿ ಹತ್ತುತ್ತಿತ್ತು, ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಇವೆಲ್ಲ ನೆಪ. ‘ಹೋಗ್ಲಿ ಬಿಡ. ಒಂದ್ ಗಾಜು ಅಲ್ಲೇನು? ಅಳಬ್ಯಾಡ, ಮನಿಗೆ ಬಾ’ ಅಂದೆ. ಅವಳ ಅಷ್ಟು ವಾರದ ಬೆವರನ್ನು ಒಂದ್ ಗಾಜು ಅಂದೆ.

ತರಬೇತಿ ಮುಗಿಸಿ ಬಂದಳು. ಕೆಲಸ ಹುಡುಕಲಿಲ್ಲ. ಬಂದ ಮರುದಿನವೇ ನನ್ನ ಪಕ್ಕ ಕೂತು ಹಿಟ್ಟು ನಾದಿದಳು. ಕೆಲವು ದಿನ ಹೀಗೇ ಇರಲಿ, ಆಮೇಲೆ ನೋಡೋಣ ಎಂದು ಅವ್ವ ಅಂದಳು. ಆ ಕೆಲವು ದಿನ ಮುಗಿಯಲೇ ಇಲ್ಲ. ಇಲ್ಲಿ ಇನ್ನೊಂದು ಮಾತು ಬರೆಯಲೇಬೇಕು. ಅವಳು ಬಂದದ್ದು ನನಗೆ ಸುಖವಾಗಿತ್ತು. ಬೆನ್ನು ನೋವು ಕಡಿಮೆಯಾಯಿತು, ಮಾತಿಗೆ ಜೊತೆ ಸಿಕ್ಕಿತು. ತಪ್ಪಿನಿಂದ ಬಂದ ಸುಖ ಎಂದು ಗೊತ್ತಿದ್ದೂ ಅದನ್ನು ಉಂಡೆ.

ಕೆಲಸ ಬಿಟ್ಟರೂ ಅವಳ ಕಣ್ಣು ಬಿಡಲಿಲ್ಲ. ತೊಳೆದ ಸ್ಟೀಲಿನ ತಾಟನ್ನು ಟ್ಯೂಬ್‌ಲೈಟಿಗೆ ಹಿಡಿದು, ವಾಲಿಸಿ ವಾಲಿಸಿ ನೋಡುತ್ತಿದ್ದಳು. ಒಂದು ದಿನ ಕಾಯುತ್ತ ಕೂತಿದ್ದ ಕಾರಖಾನೆಯವನೊಬ್ಬ, ‘ತಾಈ, ಜೇವಾಯಲಾ ಆಲೋಯ್, ಎಕ್ಸ್‌ರೇ ಕಾಢಾಯಲಾ ನಾಹಿ’ ಅಂದ. ಅಕ್ಕಾ, ಊಟಕ್ಕೆ ಬಂದಿದ್ದೇವೆ, ಎಕ್ಸ್‌ರೇ ತೆಗೆಸಲು ಅಲ್ಲ ಎಂದು. ಎಲ್ಲರೂ ನಕ್ಕರು, ಅವಳೂ ನಕ್ಕಳು. ನಾನು ಬಗ್ಗಿ ಒಲೆ ಊದುವವಳ ಹಾಗೆ ಮಾಡಿದೆ. ನಮ್ಮದು ಗ್ಯಾಸಿನ ಒಲೆ.

ಬೇಸಿಗೆಯ ಕೊನೆಗೆ ಅವಳ ಗೆಳತಿಯ ಫೋನು ಬಂತು. ಗಂಗಾಪುರದ ಹುಡುಗಿ, ಜೊತೆಗೆ ಕಲಿತವಳು, ಆ ನಾಶಿಕದ ಲೆನ್ಸ್ ಕಂಪನಿಯಲ್ಲೇ ಕೆಲಸಕ್ಕಿದ್ದಳು. ಪಾಲಿಶಿಗೆ ಇನ್ನೊಬ್ಬರು ಬೇಕಾಗಿದ್ದಾರೆ, ನೀನು ಬಾ, ಮೇಡಂ ಒಂದು ಮಾತು ಹೇಳಿದರೆ ಸಾಕು ಅಂದಳಂತೆ. ತಂಗಿ ಆಗುವುದಿಲ್ಲ ಎಂದು ಫೋನು ಇಟ್ಟಳು. ಕೆಲಸ ಇರುವುದು ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೋಗಿ ಬರುವಷ್ಟು ದೂರ.

‘ಯಾಕವಾ? ಮೇಡಂಗ ಕೇಳಬಾರದೇನು?’ ಅಂದೆ.

‘ಅವ್ರು ನನ್ನ ಹೆಸರು ಹೇಳಂಗಿಲ್ಲ.’

‘ಒಂದ್ ಗಾಜು ಕೆಟ್ಟಿದ್ದಕ್ಕ?’

ಅವಳು ಹಿಟ್ಟು ತಟ್ಟುವುದನ್ನು ನಿಲ್ಲಿಸಿದಳು. ‘ಗಾಜಿಂದಲ್ಲ ಅಕ್ಕ. ಮೇಡಂ ಗೆರಿ ನೋಡಿ, ಕುಣೀ ಪುಸಲೀ ಅಂತ ಕೇಳಿದ್ರು. ಯಾರು ಒರಸಿದ್ರು ಅಂತ. ಬಸ್ಸಿನಾಗ ಕುಲುಕಿದ್ರ ಹಂಗ ಗೋಲ್ ಗೆರಿ ಬೀಳೂದಿಲ್ಲಂತ. ಯಾರೂ ಒರಸಿಲ್ಲ ಅಂದೆ ನಾ. ಮೇಡಂ ಮತ್ತ ಕೇಳಿದ್ರು. ಮತ್ತ ಹಂಗ ಅಂದೆ. ಖೋಟಂ ಬೋಲತೇಸ್ ಅಂದ್ರು. ಸುಳ್ಳು ಹೇಳ್ತಿ ಅಂದ್ರು. ಎಲ್ಲಾರ ಮುಂದ.’ ಮತ್ತೆ ಹಿಟ್ಟಿಗೆ ಕೈ ಹಚ್ಚಿ, ‘ಈ ಕೆಲಸದಾಗ ಕೆಡಸಿದವ್ರಿಗೆ ಮಾಫಿ ಐತಿ. ಕೆಡಸಿ ಸುಳ್ಳು ಹೇಳಿದವ್ರಿಗೆ ಇಲ್ಲ’ ಅಂದಳು.

ಅಲ್ಲಿಯವರೆಗೆ ನಾನು ನನ್ನ ತಪ್ಪನ್ನು ಗಾಜಿನ ತಪ್ಪು ಅಂದುಕೊಂಡಿದ್ದೆ. ಅವಳು ಸುಳ್ಳಿ ಅನ್ನಿಸಿಕೊಂಡು ಬಂದಿದ್ದಾಳೆಂದು ಆಗ ಗೊತ್ತಾಯಿತು. ಗೊತ್ತಾದ ಮೇಲೂ ಹೇಳಲಿಲ್ಲ. ಅದೇ ನನ್ನ ದೊಡ್ಡ ತಪ್ಪು. ಕುಂಕುಮ ಹಚ್ಚಿದ್ದನ್ನು ತಿಳಿಯದೆ ಮಾಡಿದೆ ಅನ್ನಬಹುದು, ಇದನ್ನು ಅನ್ನುವ ಹಾಗಿಲ್ಲ. ಓದದವಳು ಎಂದು ತಂಗಿ ಎಂದೂ ನನ್ನನ್ನು ಹೀಯಾಳಿಸಿರಲಿಲ್ಲ. ಈಗ ಅಂದುಬಿಟ್ಟರೆ? ಶಾಲೆ ಬಿಟ್ಟು ಅವಳನ್ನು ಓದಿಸಿದ ಅಕ್ಕ ನಾನು ಎಂಬ ಒಂದು ಹೆಮ್ಮೆ ನನ್ನಲ್ಲಿತ್ತು, ಬೇರೆ ಏನೂ ಇರಲಿಲ್ಲ. ಅದನ್ನು ಬಿಟ್ಟುಕೊಡಲು ಕೈ ಬರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಆಷಾಢ ಕಳೆಯಿತು. ಕಂಪನಿಯವರು ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ ಎಂದು ಗಂಗಾಪುರದ ಹುಡುಗಿ ಮತ್ತೊಮ್ಮೆ ಫೋನು ಮಾಡಿದಳು, ಶ್ರಾವಣ ಮುಗಿಯುವವರೆಗೆ ನೋಡುತ್ತಾರಂತೆ ಅಂದಳು. ತಂಗಿ ಫೋನು ಇಟ್ಟು ರೊಟ್ಟಿಗೆ ತಿರುಗಿದಳು.

ಶ್ರಾವಣದಲ್ಲಿ ಸಂಭಾಜಿನಗರದ ಹತ್ತಿರದ ವೇರೂಳಿನ ಘೃಷ್ಣೇಶ್ವರನಿಗೆ ಹೋಗಿಬರುವುದು ಅವ್ವನ ಹರಕೆ. ಅವಳ ಮೊಣಕಾಲು ಒಪ್ಪಲಿಲ್ಲ, ನಾವಿಬ್ಬರೇ ಹೋದೆವು. ದೇವರ ಮುಂದೆ ಹೇಳುವುದು ಸುಲಭ ಆದೀತು ಎಂದು ಮನಸ್ಸಿನಲ್ಲಿತ್ತು. ಸರದಿ ಉದ್ದಕ್ಕೆ ಅವಳ ಹಿಂದೆ ನಿಂತೆ. ಅವಳ ಜಡೆ ನೋಡುತ್ತ ಮಾತು ಜೋಡಿಸಿದೆ. ಗರ್ಭಗುಡಿಯಲ್ಲಿ ಲಿಂಗದ ಮೇಲೆ ಕೈಯಿಟ್ಟಾಗ ಶಿವನಿಗೆ ಎಲ್ಲ ಹೇಳಿದೆ. ಹೊರಗೆ ಬಂದು ತಂಗಿಗೆ ಹೇಳಿದ್ದು, ‘ಚಪ್ಪಲ್ ಎಲ್ಲಿ ಬಿಟ್ಟಿದ್ವಿ?’ ಎಂದು.

ಸಂಭಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ನಾಶಿಕದ ಬಸ್ಸು ನಿಂತಿತ್ತು. ತಂಗಿ ಸೀಟಿಗೆ ಕರವಸ್ತ್ರ ಹಾಕಲು ಓಡಿದಳು. ಈ ಬಸ್ಸು ಹತ್ತಿದರೆ ಮುಗಿಯಿತು, ಮನೆಗೆ ಹೋಗಿ ಮತ್ತೆ ಹಿಟ್ಟು ನಾದುತ್ತೇವೆ ಅನ್ನಿಸಿತು. ಅವಳ ರಟ್ಟೆ ಹಿಡಿದು ಇಳಿಸಿ ರಿಕ್ಷಾ ಕರೆದೆ.

‘ಎಲ್ಲಿಗೆ?’

‘ನಿಮ್ಮ ಮೇಡಂನ ಕಂಡು ಬರೂಣು.’

‘ನಕೋ ಅಕ್ಕ! ನಾ ಒಲ್ಲೆ. ಮರ್ಯಾದಿ ಹೋಗೂದು ಬಾಕಿ ಐತೇನು ಇನ್ನೂ?’

‘ಬಾ ಅಂದ್ರ ಬಾ.’

‘ನೀ ಏನರ ಹಾತ್‌ಪಾಯ್ ಜೋಡಿಸಾಕ ಹೋಗಬ್ಯಾಡ ಅವ್ರಿಗೆ. ನನ್ನ ಸಲುವಾಗಿ ಭಿಕ್ಷೆ ಬೇಡಬ್ಯಾಡ. ತಿಳೀತ?’

ದಾರಿಯುದ್ದಕ್ಕೂ ಅವಳು ಹೊರಗೆ ನೋಡುತ್ತ ಕೂತಳು. ನಾನು ಅವಳ ಪರವಾಗಿ ಬೇಡಿಕೊಳ್ಳಲು ಹೋಗುತ್ತಿದ್ದೇನೆ ಎಂದು ಅವಳು ತಿಳಿದಿದ್ದಳು.

ಮೇಡಂ ಹೊಸ ತಂಡಕ್ಕೆ ಪಾಠ ಹೇಳುತ್ತಿದ್ದರು. ಚಪ್ಪಲಿ ಬಿಡುವ ಮುಂಗೋಣೆಗೆ ಬಂದರು. ಅವರ ಹಿಂದೆ ಬಿಳಿ ಅಂಗಿಯ ಹುಡುಗ ಹುಡುಗಿಯರು ಬಾಗಿಲಲ್ಲಿ ಗುಂಪಾದರು. ನನ್ನನ್ನು ಗುರುತಿಸಿ, ‘ಭಾಕರೀವಾಲಿ ತಾಈ!’, ರೊಟ್ಟಿ ಅಕ್ಕ, ಎಂದು ನಕ್ಕರು. ತಂಗಿಯ ಕಡೆ ತಿರುಗಿದಾಗ ಆ ನಗು ಸಣ್ಣದಾಯಿತು. ‘ಕಶೀ ಆಹೇಸ್?’ ಅಂದರು. ಹೇಗಿದ್ದಿ ಎಂದು, ಅಷ್ಟೇ. ತಂಗಿ ನೆಲ ನೋಡುತ್ತ ನಿಂತಳು. ಅವಳು ಈಗ, ಹಿಂದೆ ನಾನು ನಿಂತು ನೋಡಿದ್ದ ಅದೇ ಕಿಟಕಿಯ ಹೊರಗೆ, ಒಳಗೆ ಹೋಗಲು ಹಕ್ಕಿಲ್ಲದವಳ ಹಾಗೆ ನಿಂತಿದ್ದಳು.

ನನ್ನ ಮರಾಠಿ ಖಾನಾವಳಿಯ ಮರಾಠಿ. ಇನ್ನೂ ಭಾಜಿ ಹಾಕಲೇ, ಸಾರು ಬೇಕೇ ಎಂದು ಕೇಳಲು ಸಾಕಾಗುವಷ್ಟು. ಇದ್ದದ್ದರಲ್ಲೇ ಹೇಳಿದೆ. ‘ಮೇಡಂ, ತೀ ಖೋಟಂ ನಾಹಿ ಬೋಲಲೀ. ಕಾಚ್ ಮೀ ಪುಸಲೀ.’ ಅವಳು ಸುಳ್ಳು ಹೇಳಲಿಲ್ಲ, ಗಾಜು ನಾನು ಒರೆಸಿದೆ. ಖಂಡೇನವಮಿ, ಕುಂಕು, ರಾಂಗೋಳಿ, ಪದರ ಎಂದು ತೊದಲಿದೆ. ಸೆರಗನ್ನು ಕೈಯಲ್ಲಿ ಹಿಡಿದು ದುಂಡಗೆ ತಿಕ್ಕಿ ತೋರಿಸಿದೆ. ಬಾಗಿಲಲ್ಲಿದ್ದ ಒಬ್ಬ ಹುಡುಗ ಕಿಸಕ್ಕೆಂದು ನಕ್ಕ; ಮೇಡಂ ತಿರುಗಿ ನೋಡಿದ್ದಕ್ಕೆ ಸುಮ್ಮನಾದ. ಅವರು ನನ್ನ ಕೈಯನ್ನು, ಸೆರಗನ್ನು ನೋಡಿದರು. ಆಮೇಲೆ ಬಹಳ ಹೊತ್ತು ನನ್ನ ತಂಗಿಯನ್ನು ನೋಡಿದರು. ‘ಅಗಂ, ತುಲಾ ಮಾಹಿತ್ ಹೋತಂ?’ ನಿನಗೆ ಗೊತ್ತಿತ್ತೇ ಎಂದು ಕೇಳಿದರು. ತಂಗಿ ತಲೆ ಅಲ್ಲಾಡಿಸಿದಳು. ಗೊತ್ತಿರಲಿಲ್ಲ. ಅವಳಿಗೂ ಆಗಲೇ ಗೊತ್ತಾದದ್ದು.

ಅವಳು ನನ್ನ ಕಡೆ ತಿರುಗಿದಳು. ನಾನು ಅಂಜಿದ್ದ ಮಾತು ಅವಳ ಬಾಯಿಂದ ಬರಲಿಲ್ಲ. ‘ಅಷ್ಟ ದಿನಾ ನನ್ನ ಬಾಜೂಕ ಕುಂತಿದ್ದಿಯಲ್ಲ ಅಕ್ಕ’ ಅಂದಳು, ಮೆಲ್ಲಗೆ. ಅದಕ್ಕಿಂತ ಓದದವಳು ಎಂದು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮೇಡಂಗೆ ಹೇಳಿ ಆಗಿತ್ತು. ಹೇಳಬೇಕಾದವಳಿಗೆ ಇನ್ನೂ ಹೇಳಿರಲಿಲ್ಲ. ಕಣ್ಣು ತಗ್ಗಿಸಬಾರದೆಂದು ಅವಳ ಮುಖವನ್ನೇ ನೋಡುತ್ತ, ಅಷ್ಟು ಜನರ ಮುಂದೆ, ನಮ್ಮ ಭಾಷೆಯಲ್ಲಿ ಹೇಳಿದೆ:

‘ಕುಂತಿದ್ನೆವಾ. ನೀ ಅಳೂದು ನೋಡ್ಕೋತ ಕುಂತಿದ್ನಿ. ನಿನ್ನ ಸುಳ್ಳಿ ಅಂದಾರಂತ ತಿಳಿದ ಮ್ಯಾಲೂ ಬಾಯಿ ಬಿಡಲಿಲ್ಲ, ನಿನ್ನ ಕಣ್ಣಾಗ ಸಣ್ಣಾಕಿ ಆಗ್ತೀನಂತ ಅಂಜಿದ್ನಿ. ಗಾಜು ಕೆಡಿಸಿದ್ದು ನನ್ನ ಕೈ, ನಿನ್ನ ಹೆಸರು ಕೆಡಿಸಿದ್ದು ನನ್ನ ಬಾಯಿ. ತಪ್ಪಾತು ತಂಗೀ. ನಂದ ತಪ್ಪಾತು.’